ಮುಲಾಮು ಕೊಡದ ಮೆಡಿಕಲ್ ಶಾಪಿನವರು

ನಾನು ಔಷಧಿ ಕಂಪನಿಯೊಂದರ ರೆಪ್. ಕುತ್ತಿಗೆಗೆ ಟೈ, ಹೆಗಲಿಗೆ ಭಾರದ ಚೀಲ, ಬೈಕಿನ ಮೇಲೆ ಚಿತ್ರದುರ್ಗದಿಂದ ಚಳ್ಳಕೆರೆ, ಚಳ್ಳಕೆರೆಯಿಂದ ಮೊಳಕಾಲ್ಮೂರು. ಹನ್ನೆರಡು ವರ್ಷದಿಂದ ಇದೇ ರಸ್ತೆ. ಈ ರಸ್ತೆಯ ಮೇಲೆ ನನ್ನ ಸರಕು ಬೇಡವೆಂದ ಅಂಗಡಿಯವರು ಬಹಳ ಜನ ಸಿಕ್ಕಿದ್ದಾರೆ. ಬೇಡ ಎನ್ನುವುದಕ್ಕೆ ಕಾರಣವನ್ನೂ ಹೇಳಿದವರು ಒಬ್ಬರೇ. ಅವರು ಹೋದ ತಿಂಗಳು ತೀರಿಕೊಂಡರು. ಬೆಳಿಗ್ಗೆ ಕಾಫಿ ಕುಡಿದು, ಎದೆ ಹಿಡಿದಂಗಾಗ್ತೈತೆ ಎಂದು ಕುರ್ಚಿಗೆ ಒರಗಿದವರು ಮತ್ತೆ ಏಳಲಿಲ್ಲವಂತೆ.

ಅವರ ಹೆಸರು ಬರೆಯುವುದಿಲ್ಲ. ಅವರ ಅಂಗಡಿಗೆ ಬರುತ್ತಿದ್ದ ಎಷ್ಟೋ ಗಂಡಸರು ತಮ್ಮ ಹೆಸರು ಹೇಳುತ್ತಿರಲಿಲ್ಲ, ಇವರೂ ಕೇಳುತ್ತಿರಲಿಲ್ಲ. ಊರಿನವರಿಗೆ ಅವರು ಬರೀ 'ಮೆಡಿಕಲ್ ಯಜಮಾನ್ರು'.

ಚಳ್ಳಕೆರೆ ಬಸ್ ನಿಲ್ದಾಣದಿಂದ ಕೂಗಳತೆಯ ದೂರದಲ್ಲಿ, ಒಂದೇ ಶಟರಿನ ಅಂಗಡಿ. ಮೊದಲ ಸಲ ನಾನು ಒಳಗೆ ಹೋದಾಗ ಅವರು ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಯಾರದೋ ಚೀಟಿ ಓದುತ್ತಿದ್ದರು. ಹೊಸ ಕೆಲಸದ ಹುರುಪಿನಲ್ಲಿದ್ದ ನಾನು ನಮ್ಮ ಕಂಪನಿಯ ಹೆಮ್ಮೆಯ ಟ್ಯೂಬನ್ನು ಗಾಜಿನ ಮೇಲಿಟ್ಟೆ. ಹುಳುಕಡ್ಡಿಗೆ ಒಂದು, ಕೀವಿಗೆ ಒಂದು, ನವೆ ಉರಿ ತಕ್ಷಣ ತಗ್ಗಿಸುವುದಕ್ಕೆ ಸ್ಟೀರಾಯ್ಡ್ ಒಂದು, ಹೀಗೆ ಮೂರು ಔಷಧಿ ಸೇರಿಸಿ ಮಾಡಿದ ಮುಲಾಮು. ಅವರು ಟ್ಯೂಬನ್ನು ತಿರುಗಿಸಿ, ಹಿಂದಿನ ಸಣ್ಣ ಅಕ್ಷರಗಳನ್ನು ಪೂರ್ತಿ ಓದಿ, ನನ್ನ ಕಡೆಗೆ ತಳ್ಳಿದರು.

"ಇದು ಬ್ಯಾಡ್ರಿ. ಜ್ವರದ್ದು, ಗ್ಯಾಸಿಂದು ಏನೈತೆ ತೋರ್ಸಿ."

"ಇದು ಬಹಳ ಚೆನ್ನಾಗಿ ಓಡುತ್ತೆ ಸಾರ್."

"ಓಡ್ತೈತೆ ಅಂತ್ಲೇ ಬ್ಯಾಡ."

ನಾನು ನಕ್ಕೆ. ಅವರು ನಗಲಿಲ್ಲ. "ಚರ್ಮದ ಡಾಕ್ಟ್ರು ನೋಡಿ ಬರೆದ್ರೆ ತರ್ಸಿ ಕೊಡ್ತೀನಿ. ಬಂದೋರಿಗೆಲ್ಲ ಕೊಡಾಕೆ ಇಡಲ್ಲ," ಅಂದರು. ಬೇರೆ ಅಂಗಡಿಗಳಲ್ಲಿ ಈ ಟ್ಯೂಬು ಚೀಟಿ ಇಲ್ಲದೆಯೇ ತಲೆನೋವಿನ ಮಾತ್ರೆಯ ಹಾಗೆ ಹೋಗುತ್ತಿತ್ತು. ಇವರೊಬ್ಬ ಹಟಮಾರಿ ಮನುಷ್ಯ ಎಂದುಕೊಂಡು ಹೊರಬಿದ್ದೆ.

ಅಲ್ಲಿ ಕಾಯುತ್ತ ಕೂತ ಮಧ್ಯಾಹ್ನಗಳಲ್ಲಿ ನಾನು ಕಂಡದ್ದೇ ಬೇರೆ ಲೋಕ. ಬಸ್ ಚಾಲಕರು, ಎಣ್ಣೆ ಮಿಲ್ಲಿನ ಹಮಾಲರು, ಶೇಂಗಾ ಮಾರಲು ಮಂಡಿಗೆ ಬಂದ ರೈತರು, ಮೊಳಕಾಲ್ಮೂರು ಕಡೆಯಿಂದ ಮಗ್ಗದ ಮುಂದೆ ದಿನವಿಡೀ ಕೂರುವ ನೇಕಾರರು. ಬೇರೆ ಗಿರಾಕಿಗಳು ಹೋಗುವ ತನಕ ಬಾಗಿಲಲ್ಲೇ ಬೀಡಿ ಸೇದುತ್ತ ನಿಲ್ಲುತ್ತಿದ್ದರು. ಆಮೇಲೆ ಒಳಗೆ ಬಂದು, ಕೊನೆಯ ಹನಿವರೆಗೂ ಹಿಂಡಿ ಸುರುಳಿ ಸುತ್ತಿದ ಹಳೆಯ ಟ್ಯೂಬನ್ನು ಜೇಬಿನಿಂದ ತೆಗೆದು, ಮಾತಿಲ್ಲದೆ ಗಾಜಿನ ಮೇಲಿಡುತ್ತಿದ್ದರು.

"ಎಲ್ಲಿಗೆ ಇದು?"

"ಕಾಲಿಗೆ."

"ಯಾವ ಕಾಲಿಗೆ?"

ಅಷ್ಟಕ್ಕೇ ಆ ಗಟ್ಟಿ ಗಂಡಸರು ನೆಲ ನೋಡುತ್ತಿದ್ದರು. ಒಬ್ಬ ಹಮಾಲ ಮಾತ್ರ, "ಎರಡೂ ಕಾಲು ಸೇರೋ ಕಡೆಗೆ ಯಜಮಾನ್ರೇ," ಎಂದು ಗಟ್ಟಿಯಾಗಿಯೇ ಹೇಳಿದ. ಅವರು ನಕ್ಕದ್ದನ್ನು ನಾನು ಕಂಡದ್ದು ಆವತ್ತೇ. "ನಿನ್ನಂಗೆ ಹೇಳೋರು ಇದ್ರೆ ನನ್ ಕೆಲ್ಸ ಅರ್ಧ ಆಗ್ತಿತ್ತು ಕಣಪ್ಪ, ಬಾ ಒಳಗೆ," ಅಂದರು.

ಒಳಗೆ ಎಂದರೆ ಔಷಧಿ ಬೀರುವಿನ ಹಿಂದಿನ ಜಾಗ. ಇನ್ಸುಲಿನ್ ಇಡುವ ಫ್ರಿಜ್ಜು, ಒಂದು ಸ್ಟೂಲು, ಗೋಡೆಯ ಮೇಲೆ ಕ್ಯಾಲೆಂಡರು. ಅಲ್ಲಿ ಕೂರಿಸಿ, ಬಸ್ಸು ಎಷ್ಟೊತ್ತಿಗೆ ಎಂದು ಕೇಳುವ ಧ್ವನಿಯಲ್ಲೇ ಕೇಳುತ್ತಿದ್ದರು. ಎಷ್ಟು ದಿನ ಆತು? ಬರೀ ನವೆನಾ, ಗಾಯನೂ ಐತಾ? ರಕ್ತ, ಕೀವು ಏನಾದ್ರೂ? ಮುಂದಿನ ಚರ್ಮ ಹಿಂದಕ್ಕೆ ಸರೀತೈತಾ? ಉಚ್ಚೆ ಹೊಯ್ಯುವಾಗ ಉರಿ ಐತಾ? ಮನೆಯೋರಿಗೂ ಐತಾ? ಬಿಚ್ಚಿ ತೋರಿಸು ಎಂದು ಯಾರಿಗೂ ಅನ್ನುತ್ತಿರಲಿಲ್ಲ. "ನೋಡೋದು ಡಾಕ್ಟ್ರ ಕೆಲ್ಸ. ನಂದು ಕೇಳೋದಷ್ಟೇ." ಎರಡು ದಿನದ ಕೆಂಪು, ಬೆವರಿನ ಉಜ್ಜು ಅಂತಾದರೆ, ತಣ್ಣೀರಲ್ಲಿ ತೊಳೆದು ಒಣಗಿಸಿಕೋ, ಬಿಗಿ ಚಡ್ಡಿ ಬಿಟ್ಟು ಸಡಿಲದ ಹತ್ತಿ ಚಡ್ಡಿ ಹಾಕು, ಒದ್ದೆ ಬಟ್ಟೆಯಲ್ಲಿ ಕೂರಬೇಡ, ವಾರದೊಳಗೆ ಕಡಿಮೆ ಆಗದಿದ್ದರೆ ಡಾಕ್ಟ್ರತ್ರ ಹೋಗು, ಎಂದು ಬರಿಗೈಯಲ್ಲಿ ಕಳಿಸುತ್ತಿದ್ದರು. ಗಾಯ, ರಕ್ತ, ಕೀವು, ಊತ, ಚರ್ಮ ಸರಿಯದೇ ಇರುವುದು, ಇವುಗಳಲ್ಲಿ ಒಂದಿದ್ದರೂ ವಾರ ಕಾಯುವ ಮಾತಿಲ್ಲ. ಇವತ್ತೇ ಹೋಗು. ಒಮ್ಮೆ ಒಬ್ಬ ಗುಂಡಿಮಗ್ಗದ ನೇಕಾರ ಹಿಂದಕ್ಕೆ ಸರಿದ ಚರ್ಮ ಮುಂದಕ್ಕೆ ಬರುತ್ತಿಲ್ಲ, ಬೆಳಗಿನಿಂದ ಊದಿಕೊಂಡಿದೆ ಎಂದಾಗ ಅರ್ಧ ಶಟರ್ ಎಳೆದು, ಆಟೋ ನಿಲ್ಲಿಸಿ, ಅವನ ಜೊತೆ ತಾವೇ ಆಸ್ಪತ್ರೆಗೆ ಹೋದರು. ಬೀರುವಿನ ಹತ್ತಿರ ನಾನೊಬ್ಬನೇ ಉಳಿದೆ. ಬಂದ ಗಿರಾಕಿಗಳಿಗೆ ಯಜಮಾನ್ರು ಬರ್ತಾರೆ ಎಂದು ಹೇಳುತ್ತ ಒಂದು ಗಂಟೆ ಅಂಗಡಿ ಕಾದೆ.

ಬಂದವನು ಎಲ್ಲಿಗೆ ಹೋಗಿದ್ದ, ಯಾರ ಜೊತೆ ಇದ್ದ ಎಂಬ ವಿಚಾರಣೆ ಇರಲಿಲ್ಲ. ಒಬ್ಬ ತಾನಾಗೇ ಏನೋ ತಪ್ಪೊಪ್ಪಿಗೆ ಶುರುಮಾಡಿದಾಗ ಕೈ ಅಡ್ಡ ಹಿಡಿದರು. "ನಂಗ್ಯಾಕೆ ಅದು? ಡಾಕ್ಟ್ರು ಕೇಳ್ತಾರೆ. ಅವ್ರಿಗೆ ಮಾತ್ರ ಸುಳ್ಳು ಹೇಳಬ್ಯಾಡ."

ಒಬ್ಬ ಆಟೋ ಚಾಲಕನ ಕಥೆ ಹೇಳಬೇಕು. ಅವನಿಗೆ ಎಂಥದೋ ರೋಗ ಅಂಟಿದೆ ಎಂಬ ಭಯ ಹೊಕ್ಕು, ದಿನಕ್ಕೆ ಮೂರು ಸಲ ಗಾಯ ತೊಳೆಯುವ ದ್ರಾವಣವನ್ನು ನೀರಿಗೆ ಬೆರೆಸಿ ಅಲ್ಲೆಲ್ಲ ತೊಳೆದು, ಮೇಲೆ ಘಮಘಮಿಸುವ ಸೋಪು ತಿಕ್ಕುತ್ತಿದ್ದ. ಚರ್ಮ ಸುಲಿದು ಉರಿಯುತ್ತಿತ್ತು. ಉರಿದಷ್ಟೂ ರೋಗ ಜಾಸ್ತಿಯಾಯಿತೆಂದು ಇನ್ನಷ್ಟು ತೊಳೆಯುತ್ತಿದ್ದ. "ಲೇ, ರೋಗ ಅಲ್ಲ ಕಣೋ, ನಿನ್ ಸೋಪೇ ಇರ್ಬೇಕು. ಮೊದ್ಲು ಅದನ್ನ ನಿಲ್ಸು, ಬರೀ ನೀರು ಹಾಕು, ಡಾಕ್ಟ್ರಿಗೆ ಒಂದ್ಸಲ ತೋರ್ಸು," ಅಂದರು. ಡಾಕ್ಟರೂ ಅದನ್ನೇ ಹೇಳಿದರಂತೆ. ಮುಂದೆ ಆ ಆಟೋದವನು ಬೀರುವಿನ ಹಿಂದಿನಿಂದ ಎದ್ದು ಬಂದವರನ್ನೆಲ್ಲ ಕೂರಿಸಿಕೊಂಡು ಆಸ್ಪತ್ರೆಗೆ ಬಿಡುವವನಾದ.

ಆಂಧ್ರದ ಗಡಿ ಕಡೆಯಿಂದ ಬರುವವರೊಡನೆ ಯಜಮಾನ್ರದು ತೆಲುಗು. ಅರವತ್ತರ ಒಬ್ಬರು ವರ್ಷದಲ್ಲಿ ನಾಲ್ಕನೇ ಸಲ ಬಂದು 'ದುರದ' ಎಂದರು. ನವೆ ಎಂದರ್ಥ. ಶಿಶ್ನದ ತುದಿ ಕೆಂಪಗಾಗಿ ಚರ್ಮದಲ್ಲಿ ಸೀಳು ಬೀಳುತ್ತದೆ, ವಾಸಿಯಾಗುತ್ತದೆ, ಮತ್ತೆ ಬರುತ್ತದೆ. ಯಜಮಾನ್ರು ಡಾಕ್ಟರ ಹತ್ತಿರ ಕಳಿಸುವುದಕ್ಕೆ ಮೊದಲು ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡಿದರು. ಮೀಟರಿನಲ್ಲಿ ಬಂದ ಅಂಕಿ ಕಂಡು ನಾನೇ ಬೆಚ್ಚಿದೆ. ಆ ಹಿರಿಯರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಅವತ್ತಿನವರೆಗೆ ಯಾರಿಗೂ ಗೊತ್ತಿರಲಿಲ್ಲ. "ಕೆಳಗೆ ಪದೇ ಪದೇ ಬಂತು ಅಂದ್ರೆ ಸಕ್ಕರೆ ನೋಡಿಸ್ಬೇಕು," ಎಂದು ನನ್ನ ಕಡೆ ತಿರುಗಿ ಹೇಳಿದರು, ನಾನೇನೋ ಅವರ ವಿದ್ಯಾರ್ಥಿ ಎಂಬಂತೆ.

ಎರಡನೆಯ ಬೇಸಿಗೆಯ ಹೊತ್ತಿಗೆ ನಾನೇ ಅವರ ಗಿರಾಕಿಯಾದೆ.

ನೈಲಾನ್ ಮಿಶ್ರಣದ ಪ್ಯಾಂಟು, ಕಾದ ಬೈಕ್ ಸೀಟು, ಚಳ್ಳಕೆರೆಯ ಬಿಸಿಲು. ತೊಡೆಸಂದಿಯಲ್ಲಿ ಒಂದು ಕೆಂಪು ಉಂಗುರ ಎದ್ದಿತು. ನನ್ನ ಚೀಲದ ತುಂಬ ಸ್ಯಾಂಪಲ್ ಟ್ಯೂಬುಗಳಿದ್ದವಲ್ಲ, ಹಚ್ಚಿಕೊಂಡೆ. ಮೂರೇ ದಿನಕ್ಕೆ ಮಾಯ. ಕಂಪನಿಯ ಮೇಲೆ ನನಗೆ ಅಭಿಮಾನವೇ ಬಂತು. ನಿಲ್ಲಿಸಿದ ವಾರಕ್ಕೆ ಉಂಗುರ ದೊಡ್ಡದಾಗಿ ಬಂತು. ಮತ್ತೆ ಹಚ್ಚಿದೆ. ಹೀಗೇ ಐದು ತಿಂಗಳು. ಕಲೆ ಸೊಂಟಕ್ಕೆ ಏರಿತು, ಹಿಂದಕ್ಕೆ ಹರಡಿತು. ಮದುವೆಯಾಗಿ ಆಗಿನ್ನೂ ಒಂದು ವರ್ಷ. ಹೆಂಡತಿಗೆ ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಅದೇ ಕಾಣಿಸಿತು. ಅವಳಿಗೂ ಅದೇ ಟ್ಯೂಬು ಕೊಟ್ಟೆ. ಔಷಧಿ ಮಾರುವವನು ಔಷಧಿಗೆ ಹೆದರುವುದುಂಟೇ?

ಒಂದು ದಿನ ಅಂಗಡಿಯ ಮುಂದೆ ಬೈಕ್ ನಿಲ್ಲಿಸಿ ಒಳಗೆ ಹೋದೆ. ಆರ್ಡರ್ ಪುಸ್ತಕ ತೆಗೆಯುವುದಕ್ಕೆ ಮೊದಲೇ ಅವರು ಕೇಳಿದರು.

"ಎಷ್ಟು ದಿನ ಆತು?"

"ಏನು ಸಾರ್?"

"ಬೈಕ್ ಇಳಿಯುವಾಗ ಕಾಲು ಅಗಲ ಇಡ್ತೀಯ. ನಿಂತಲ್ಲಿ ನಿಲ್ಲಲ್ಲ. ಬಾ ಒಳಗೆ."

ಅದುವರೆಗೆ ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದವರು ಆ ಗಳಿಗೆಯಿಂದ ಏಕವಚನಕ್ಕೆ ಬಂದರು. ಬೀರುವಿನ ಹಿಂದಿನ ಸ್ಟೂಲಿನ ಮೇಲೆ ನಾನು ಟೈ ಕಟ್ಟಿಕೊಂಡು ಕೂತೆ. ಏನು ಹಚ್ಚಿದೆ ಎಂದು ಕೇಳಿದರು. ನಾನು ಚೀಲದ ಕಡೆ ನೋಡಿದೆ. ಅವರು ಗದರಲಿಲ್ಲ, ಹಂಗಿಸಲೂ ಇಲ್ಲ. "ಹೆಂಡ್ತಿಗೂ ಬಂದೈತಾ?" ಎಂದು ಮಾತ್ರ ಕೇಳಿದರು. ಹೌದೆಂದೆ. ಚಿತ್ರದುರ್ಗದ ಒಬ್ಬ ಚರ್ಮದ ಡಾಕ್ಟರ ವಿಳಾಸ ಬರೆದುಕೊಟ್ಟರು.

"ಇಬ್ರೂ ಹೋಗಿ. ಒಬ್ರೇ ಹೋದ್ರೆ ಉಪಯೋಗಿಲ್ಲ."

ಹೋದಮೇಲೆ ಗೊತ್ತಾಯಿತು, ಡಾಕ್ಟರು ಹೆಂಗಸು. ನಾನು ಬೆಲ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದೆ. "ಬೇಗ ರೀ, ಹೊರಗೆ ಇನ್ನೂ ಇಪ್ಪತ್ತು ಜನ ಕೂತಿದ್ದಾರೆ," ಅಂದರು. ನನ್ನ ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಡಾಕ್ಟರು ಕಲೆಯ ಅಂಚನ್ನು ಕೆರೆದು ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಇದು ಹುಳುಕಡ್ಡಿಯೇ, ಆದರೆ ಸ್ಟೀರಾಯ್ಡು ನವೆಯನ್ನು ಅಡಗಿಸಿ ಒಳಗೊಳಗೇ ಅದನ್ನು ಬೆಳೆಸಿದೆ ಎಂದರು. ತೊಡೆಯ ಒಳಗಡೆ ಬೆಳ್ಳಗೆ ಎದ್ದಿದ್ದ ಸೀಳುಗೆರೆಗಳ ಮೇಲೆ ಬೆರಳಿಟ್ಟು, "ಚರ್ಮ ತೆಳುವಾಗಿದೆ. ಹುಳುಕಡ್ಡಿ ಹೋಗುತ್ತೆ, ಈ ಗೆರೆ ಉಳಿಯುತ್ತೆ," ಎಂದರು. ಉಳಿದಿವೆ. ಟ್ಯೂಬು ನಿಲ್ಲಿಸಿದ ಮೊದಲ ಹತ್ತು ದಿನ ನವೆ ಹುಚ್ಚು ಹಿಡಿಸಿತು. ಆಮೇಲೆ ಇಳಿಯಿತು. ಕಲೆ ಹೋದರೂ ಅವರು ಹೇಳಿದಷ್ಟು ವಾರ ಇಬ್ಬರೂ ಮಾತ್ರೆ ನುಂಗಿದೆವು, ಟವೆಲು ಬೇರೆ ಮಾಡಿದೆವು, ಬಟ್ಟೆ ಬಿಸಿಲಿಗೆ ಹರವಿದೆವು. ವಾಸಿಯಾಯಿತು.

ವಾಸಿಯಾದ ಮೇಲೆ ಒಂದು ಭಾನುವಾರ ಅವರು, "ಕೊಂಡ್ಲಹಳ್ಳಿ ತನಕ ಬಿಡ್ತೀಯಾ?" ಎಂದರು. ಬೈಕಿನಲ್ಲಿ ಹೋದೆವು. ಅವರು ಇಳಿದದ್ದು ಗಾರೆ ಕೆಲಸದ ಒಬ್ಬ ಮೇಸ್ತ್ರಿಯ ಮನೆ ಮುಂದೆ. ಐವತ್ತರ ಆಸುಪಾಸಿನ ಗಟ್ಟಿ ಆಳು. ತನ್ನ ಮನೆಯ ನೀರಿನ ತೊಟ್ಟಿಗೆ ಸಿಮೆಂಟು ಬಳಿಯುತ್ತಿದ್ದ. ಯಜಮಾನ್ರು ಅವನನ್ನು ಪಕ್ಕಕ್ಕೆ ಕರೆದು ಏನೋ ಕೇಳಿದರು. ಅವನು ತಲೆಯಾಡಿಸಿದ. ಅವನ ಹೆಂಡತಿ ಮಂಡಕ್ಕಿ, ಚಹಾ ಕೊಟ್ಟಳು. ಅಷ್ಟೇ. ಹೊರಟೆವು.

ವಾಪಸ್ಸು ಬರುವಾಗ ರಸ್ತೆ ಬದಿಯ ಬೇವಿನ ಮರದಡಿ ನಿಲ್ಲಿಸಲು ಹೇಳಿ, ಅವರೇ ಬಾಯಿಬಿಟ್ಟರು.

ಆ ಮೇಸ್ತ್ರಿ ನನಗಿಂತ ಮುಂಚಿನ ಕಾಲದ ಗಿರಾಕಿ. ತಿಂಗಳಿಗೊಮ್ಮೆ ಇಂಥದೇ ಮುಲಾಮಿನ ಹಿಂಡಿದ ಟ್ಯೂಬು ಇಡುತ್ತಿದ್ದ, ಇವರು ಹೊಸದು ಕೊಡುತ್ತಿದ್ದರು. ಒಂಬತ್ತು ತಿಂಗಳು. ಎಲ್ಲಿಗೆ, ಯಾತಕ್ಕೆ ಎಂದು ಒಂದು ದಿನವೂ ಕೇಳಲಿಲ್ಲ. ಗಂಡಸರಿಗೆ ಮುಜುಗರ ಆಗಬಾರದು ಎಂಬ ಮರ್ಯಾದೆ ಅದು ಎಂದುಕೊಂಡಿದ್ದರಂತೆ. ಹತ್ತನೆಯ ತಿಂಗಳು ಮೇಸ್ತ್ರಿಯ ಹೆಂಡತಿ ಬಂದಳು. "ನಮ್ಮನೆಯೋರಿಗೆ ಎರಡು ದಿನದಿಂದ ಉಚ್ಚೆ ಹೊಯ್ಯಾಕೆ ಆಗ್ತಿಲ್ಲ ಯಜಮಾನ್ರೇ. ನೀವು ಕೊಟ್ಟ ಮುಲಾಮು ಹಚ್ತಾನೇ ಅದಾರೆ," ಎಂದಳು.

ಇವರೇ ಚಿತ್ರದುರ್ಗಕ್ಕೆ ಕರೆದುಕೊಂಡು ಹೋದರು. ಮುಂದೊಗಲು ಬೆಳ್ಳಗೆ ದಪ್ಪಗಾಗಿ, ಬಿಗಿದು ಮುಚ್ಚಿಕೊಂಡಿತ್ತು. ಕತ್ತರಿಸಿ ತೆಗೆದಾಗ ಅಡಿಯಲ್ಲಿ ಹುಣ್ಣು ಸಿಕ್ಕಿತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರು. ದೊಡ್ಡ ಆಸ್ಪತ್ರೆಯಲ್ಲಿ ಶಿಶ್ನದ ಮುಂಭಾಗ ತೆಗೆಯಬೇಕಾಯಿತು. ಜೀವ ಉಳಿಯಿತು.

"ಮೊದ್ಲೇ ತೋರ್ಸಿದ್ರೆ ಇಷ್ಟು ತೆಗೆಯೋ ಹಂಗೆ ಇರ್ಲಿಲ್ಲೇನೋ ಅಂದ್ರು ಡಾಕ್ಟ್ರು," ಎಂದರು ಯಜಮಾನ್ರು. "ಆಸ್ಪತ್ರೇಲಿ ಮಲಗಿದ್ದೋನ ಹತ್ರ ಹೋಗಿ, ತಪ್ಪಾತು ಕಣಪ್ಪ ಅಂದೆ. ಅವನು ಬೈಲಿಲ್ಲ. ನೀವು ಕೇಳಿದ್ರೆ ಹೇಳ್ತಿದ್ನೇನೋ ಯಜಮಾನ್ರೇ, ಅಂದ. ಬೈದಿದ್ರೆ ಮರೆತ್ಬಿಡ್ತಿದ್ದೆ."

ಬಾಟಲಿಯ ನೀರು ಕುಡಿದು ಮುಚ್ಚಳ ಹಾಕಿದರು. ಲಾರಿಗಳು ಹೋಗುತ್ತಿದ್ದವು. ನಾನು ಬೈಕ್ ಶುರುಮಾಡಿದೆ.

ನಾನು ಕೆಲಸವೇನೂ ಬಿಡಲಿಲ್ಲ. ಅಷ್ಟು ದೊಡ್ಡ ಮನುಷ್ಯ ನಾನಲ್ಲ, ಮನೆ ನಡೆಯಬೇಕಿತ್ತು. ಅಂಗಡಿಗಳಲ್ಲಿ ಆ ಟ್ಯೂಬನ್ನು ಚೀಲದಿಂದ ತೆಗೆಯುವುದನ್ನು ನಿಲ್ಲಿಸಿದೆ. ಮೇಲಿನವರು ಕೇಳಿದಾಗ ಈ ಕಡೆ ಓಡುತ್ತಿಲ್ಲ ಎಂದೆ. ಬೈಸಿಕೊಂಡೆ. ಎರಡು ವರ್ಷದ ನಂತರ ಬೇರೆ ಕಂಪನಿ ಸೇರಿದೆ. ಇದನ್ನು ಯಜಮಾನ್ರಿಗೆ ಹೇಳಿದಾಗ ಅವರು ಶಭಾಶ್ ಎನ್ನಲಿಲ್ಲ. "ಹೊಸ ಕಂಪ್ನಿದು ಬಿಪಿ ಮಾತ್ರೆ ಐತಾ?" ಎಂದು ಕೇಳಿದರು.

ಅವರಲ್ಲೂ ಓರೆಕೋರೆಗಳಿದ್ದವು. ಮುಂಗೋಪಿ. ಚೀಟಿಯ ಅಕ್ಷರ ಅರ್ಥವಾಗದಿದ್ದರೆ ತಂದವರ ಮೇಲೇ ರೇಗುತ್ತಿದ್ದರು. ಎಷ್ಟೋ ಜನ ಇವರ ಪ್ರಶ್ನೆಗಳಿಗೆ ಹೆದರಿ ಎರಡು ಅಂಗಡಿ ಆಚೆ ಹೋಗಿ ಅದೇ ಟ್ಯೂಬು ಕೊಳ್ಳುತ್ತಿದ್ದರು. ಅದು ಇವರಿಗೂ ಗೊತ್ತಿತ್ತು. "ಹತ್ತು ಜನದಾಗೆ ನಾಲ್ಕು ಜನ ಕೂತ್ಕೊಂಡು ಮಾತಾಡ್ತಾರೆ. ಸಾಕು," ಎನ್ನುತ್ತಿದ್ದರು. ತಿಂಗಳಿಗೋ ಎರಡು ತಿಂಗಳಿಗೋ ಕೊಂಡ್ಲಹಳ್ಳಿಗೆ ಹೋಗಿಬರುವುದನ್ನು ಮಾತ್ರ ಕೊನೆಯವರೆಗೂ ತಪ್ಪಿಸಲಿಲ್ಲ.

ಹನ್ನೊಂದನೆಯ ದಿನದ ಕಾರ್ಯಕ್ಕೆ ನಾನು ಹೋಗಿದ್ದೆ. ಮನೆಯ ಮುಂದೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳು. ಹೆಂಗಸರೆಲ್ಲ ಒಳಗೆ. ಹೊರಗೆ ಇಪ್ಪತ್ತು ಮೂವತ್ತು ಗಂಡಸರು ಊಟಕ್ಕೆ ಎಲೆ ಹಾಕುವುದನ್ನು ಕಾಯುತ್ತ, ಮಳೆ, ಶೇಂಗಾ, ತೀರಿಕೊಂಡವರ ಒಳ್ಳೆಯತನ ಮಾತಾಡುತ್ತಿದ್ದರು. ಮೇಸ್ತ್ರಿ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತ. ತಲೆ ನರೆತಿತ್ತು, ಆಳು ಹಾಗೇ ಇದ್ದ. ಎದುರಿಗೆ ಕೂತಿದ್ದ ಮಂಡಿ ವ್ಯಾಪಾರಿಯೊಬ್ಬರು ವಾಡಿಕೆಯಂತೆ ಅವನನ್ನು ಕೇಳಿದರು.

"ಯಾವೂರಪ್ಪ? ಇವರು ಹೆಂಗೆ ಪರಿಚಯ?"

ಗಿರಾಕಿ ಎನ್ನುತ್ತಾನೆ ಅಂದುಕೊಂಡೆ. ನಾನಾಗಿದ್ದರೆ ಹಾಗೇ ಅನ್ನುತ್ತಿದ್ದೆ.

"ಕೊಂಡ್ಲಹಳ್ಳಿ," ಎಂದ ಮೇಸ್ತ್ರಿ. "ನಂಗೆ ಕೆಳಗೆ ಕ್ಯಾನ್ಸರ್ ಆಗಿತ್ತು ಸಾಹುಕಾರ್ರೇ. ಗಂಡಸ್ರ ಜಾಗದಾಗೆ. ಸ್ವಲ್ಪ ತೆಗ್ದುಬಿಟ್ರು. ಇವರೇ ಕರ್ಕೊಂಡೋಗಿದ್ದು."

ಧ್ವನಿ ಏರಿಸಿರಲಿಲ್ಲ, ತಗ್ಗಿಸಿಯೂ ಇರಲಿಲ್ಲ. ಸುತ್ತಲ ಕುರ್ಚಿಗಳವರೆಲ್ಲ ಇತ್ತ ತಿರುಗಿದರು. ವ್ಯಾಪಾರಿ ಟವೆಲಿನಿಂದ ಮುಖ ಒರೆಸಿಕೊಂಡರು. ಯಾರೋ ಒಬ್ಬರು ಕೆಮ್ಮಿದರು.

"ನವೆ ಅಂತ ಮೊದ್ಲು ಶುರುವಾತು," ಮೇಸ್ತ್ರಿ ಮುಂದುವರಿಸಿದ. "ನಾಚ್ಕೆ. ಹೆಂಡ್ತಿಗೂ ಹೇಳ್ಲಿಲ್ಲ. ಇವ್ರು ಆಮೇಲೆ ಬದುಕಿರೋ ತನಕ ಮನೆಗೆ ಬಂದು ಹೆಂಗಿದಿಯಾ ಅಂತ ಕೇಳ್ತಿದ್ರು. ಊರೋರು ಯಾಕೆ ಬರ್ತಾರೆ ಅವ್ರು ಅಂದ್ರೆ, ಗಾರೆ ಕೆಲ್ಸ ಐತೆ ಅದಕ್ಕೆ ಬರ್ತಾರೆ ಅಂತ ಸುಳ್ಳು ಹೇಳ್ತಿದ್ದೆ. ಇವತ್ತು ಹೇಳ್ದೆ ನೋಡ್ರಿ."

ಊಟಕ್ಕೆ ಏಳಿ ಎಂದು ಒಳಗಿನಿಂದ ಕರೆ ಬಂತು. ಎಲ್ಲರೂ ಎದ್ದರು. ಮೇಸ್ತ್ರಿಯ ಆಚೆ ಈಚೆ ಕೂರಲು ಜನ ಹಿಂಜರಿಯುತ್ತಾರೇನೋ ಎಂದು ನಾನು ನೋಡಿದೆ. ಮಂಡಿ ವ್ಯಾಪಾರಿ ಅವನ ಪಕ್ಕದ ಎಲೆಗೇ ಹೋಗಿ ಕೂತರು.

ಊಟ ಮುಗಿಸಿ ಬೈಕಿನ ಹತ್ತಿರ ಬಂದಾಗ ಹಿಂದಿನಿಂದ ಯಾರೋ ಬಂದರು. ಮೂವತ್ತೈದರ ಆಸುಪಾಸಿನ, ನನಗೆ ಪರಿಚಯವಿಲ್ಲದ ಮನುಷ್ಯ. ಖಾಸಗಿ ಬಸ್ಸಿನ ಖಾಕಿ ಅಂಗಿ. ಕೀಲಿಕೈ ಬೆರಳಿನಲ್ಲಿ ತಿರುಗಿಸುತ್ತ ನಿಂತ.

"ಸಾರ್, ನೀವು ಔಷ್ಧಿ ಕಂಪ್ನಿಯೋರು ಅಲ್ವಾ? ಯಜಮಾನ್ರು ಹೇಳ್ತಿದ್ದ ಆ ದುರ್ಗದ ಚರ್ಮದ ಡಾಕ್ಟ್ರು ಯಾವ ದಿನ ಇರ್ತಾರೆ?"

"ಯಾರಿಗೆ?"

ಅವನು ರಸ್ತೆ ನೋಡಿದ. ಆಮೇಲೆ ನನ್ನನ್ನು ನೋಡಿದ.

"ನಂಗೇ ಸಾರ್. ಒಂದು ಗಾಯ ಐತೆ. ಎಂಟು ತಿಂಗ್ಳಾತು, ಒಣಗ್ತಿಲ್ಲ."

ಹೆಲ್ಮೆಟ್ಟನ್ನು ಬೈಕಿನ ಕನ್ನಡಿಗೆ ಸಿಕ್ಕಿಸಿ, ಡಾಕ್ಟರ ನಂಬರಿಗೆ ಅಲ್ಲೇ ಫೋನು ಹಚ್ಚಿದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಬನ್ನಿ ಎಂದರು. ನಾನೂ ಬರ್ತೀನಿ ಎಂದು ಅವನಿಗೆ ಹೇಳಿದೆ. ಅವನು ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡ.